ಕಣ್ಣಿಲ್ಲದ ಹನ್ನೊಂದು ದಿನ

ಎರ್ರಗುಂಟಪಲ್ಲಿ, ಮಂಡಿಕಲ್ ಹೋಬಳಿ
3 ಜೂನ್ 2024

ತನುಜಾ,

ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆದು ಸುಳ್ಳಿನಿಂದ ಶುರು ಮಾಡುವುದು ಬೇಡ. ಫೋನು ಬಿಟ್ಟು ಕಾಗದ ಏಕೆ ಎಂದು ನಿನಗೆ ಅನ್ನಿಸುತ್ತದೆ. ಫೋನಿನಲ್ಲಿ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ. ನಾನು ಒಂದು ಹೇಳುವಷ್ಟರಲ್ಲಿ ಹತ್ತು ಹೇಳಿ ಮುಗಿಸಿರುತ್ತೀಯ. ಇಪ್ಪತ್ತೆಂಟು ವರ್ಷದಿಂದ ಅಂಗನವಾಡಿಯಲ್ಲಿ ರಿಜಿಸ್ಟರ್ ಬರೆಯುತ್ತಿರುವ ಕೈ ಇದು, ಕಾಗದ ಬರೆಯುವುದು ನನಗೇನೂ ಕಷ್ಟವಲ್ಲ. ನೀನೂ ಕಾಗದದಲ್ಲೇ ಉತ್ತರ ಕೊಡು.

ನಿನ್ನೆ ಬೆಳಿಗ್ಗೆ ಯೋಗನರಸಿಂಹ ಮೇಷ್ಟ್ರು ಮನೆಯ ಮುಂದೆ ಬಂದು ನಿಂತರು. ರಿಟೈರಾದ ಮೇಲೆ ಸಪ್ಪಲಮ್ಮನ ಗುಡಿಯ ಸಮಿತಿಗೆ ಅವರೇ ಕಾರ್ಯದರ್ಶಿ. ಒಳಗೆ ಬನ್ನಿ ಎಂದೆ, ಬರಲಿಲ್ಲ. ಫೋನು ತೆಗೆದು ತೋರಿಸಿದರು. "ಅಶ್ವತ್ಥಮ್ಮ, ಇದು ನಿಮ್ಮ ಹುಡುಗಿ ತೆಗೆದಿದ್ದಂತೆ, ಹೌದಾ?"

ಬೆಂಗಳೂರಿನ ಯಾವುದೋ ಪತ್ರಿಕೆಯ ಮುಖಪುಟ. ಸಪ್ಪಲಮ್ಮ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಳೆ. ಮೈಮೇಲೆ ಸೀರೆಯಿಲ್ಲ. ಹಳೆಯ ಬಣ್ಣ ಕೆರೆದು ಬರಿಯ ಮರ ಕಾಣುತ್ತಿದೆ. ಕಣ್ಣಿರಬೇಕಾದ ಕಡೆ ಏನೂ ಇಲ್ಲ. ನಾನು ಕುಂಚ ಹಿಡಿದು ಬಗ್ಗಿದ್ದೇನೆ. ಕೆಳಗೆ ನನ್ನ ಹೆಸರು.

ನೀನು ಮರೆತಿರಬೇಕು, ಅದಕ್ಕೆ ಬಿಡಿಸಿ ಬರೆಯುತ್ತೇನೆ. ಒಂಬತ್ತು ವರ್ಷಕ್ಕೊಮ್ಮೆ ಕಾರ್ತಿಕದಲ್ಲಿ ಅಮ್ಮನ ಮರದ ಮೂರ್ತಿಯನ್ನು ಗುಡಿಯಿಂದ ಹೊರಗೆ ತಂದು ಕೆರೆ ಏರಿಯ ಕೆಳಗಿನ ಗುಡಿಸಲಿನಲ್ಲಿ ಮಲಗಿಸುತ್ತಾರೆ. ಹನ್ನೊಂದು ದಿನ ನಮ್ಮ ಮನೆಯವರು ಒಂದೇ ಹೊತ್ತು ಉಂಡು, ಹಳೆ ಬಣ್ಣ ಕೆರೆದು ಹೊಸದು ಹಾಕಬೇಕು. ಕೊನೆಯ ದಿನ ಕಣ್ಣು ಬರೆದು, ಎದುರಿಗೆ ಕನ್ನಡಿ ಹಿಡಿದ ಮೇಲೆಯೇ ಬಾಗಿಲು ತೆಗೆಯುವುದು. ಅಲ್ಲಿಯವರೆಗೆ ಊರಿನಲ್ಲಿ ಒಬ್ಬರೂ ಅವಳ ಮುಖ ನೋಡುವ ಹಾಗಿಲ್ಲ. ಗುಡಿಯ ಮೆಟ್ಟಿಲು ಹತ್ತದ ನಮಗೆ ಅವಳು ಆ ಹನ್ನೊಂದು ದಿನ ಸಿಗುತ್ತಾಳೆ. ಹಕ್ಕು ನಿಮ್ಮಪ್ಪನ ವಂಶದ್ದು. ಅವರಿಗೆ ಕೈನಡುಕ ಬಂದ ಮೇಲೆ, 2006ರಲ್ಲೂ 2015ರಲ್ಲೂ ಬರೆದವಳು ನಾನು. ಹೆಂಗಸು ಮುಟ್ಟಬಾರದು ಎಂಬ ಕಟ್ಟಳೆಯಿದೆ. ನಾನು ಮುಟ್ಟುತ್ತೇನೆ ಎಂದು ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಹಾಗೇ ನಡೆದುಕೊಂಡು ಬಂದಿತ್ತು.

2015ರಲ್ಲಿ ನೀನು ಗುಡಿಸಲಿಗೆ ನೀರು ಕೊಡಲು ಬಂದವಳು ಹೊಸ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆದೆ. ನಾನು ಬೈದೆ. ಆಮೇಲೆ ನಿನ್ನ ಮುಖ ನೋಡಿ, "ತೆಗ್ದಿದ್ದು ತೆಗ್ದಾಯ್ತು, ನಿನ್ ಹತ್ರಾನೇ ಇಟ್ಕೊ" ಎಂದೆ. ಒಂಬತ್ತು ವರ್ಷ ಇಟ್ಟುಕೊಂಡಿದ್ದವಳಿಗೆ ಈಗ ಏನಾಯಿತು?

ಈ ಕಾರ್ತಿಕಕ್ಕೆ ಮತ್ತೆ ಬಣ್ಣ. ನನಗೀಗ ಐವತ್ತೆಂಟು. ಮುಂದಿನ ಸಲಕ್ಕೆ ನನ್ನ ಕೈ, ಕಣ್ಣು ಹೇಗಿರುತ್ತವೋ ಯಾರಿಗೆ ಗೊತ್ತು. ಇದೇ ಕೊನೆಯದು ಎಂದುಕೊಂಡು ದಿನ ಎಣಿಸುತ್ತಿದ್ದೆ. ಈಗ ಅದೂ ಸಿಗುತ್ತದೋ ಇಲ್ಲವೋ. ಮೇಷ್ಟ್ರು ಏನೂ ಹೇಳದೆ ಹೋದರು, ಅದೇ ನನಗೆ ಹೆದರಿಕೆ.

ನಿನ್ನ ತಾಯಿ,
ಅಶ್ವತ್ಥಮ್ಮ


ಚಿಂತಾಮಣಿ
10 ಜೂನ್ 2024

ಅಮ್ಮಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ, ಮೂರು ಸಲವೂ ಸಿಟ್ಟು ಬಂತು.

ಮೇಷ್ಟ್ರು ಒಳಗೆ ಬರಲಿಲ್ಲ ಎಂದು ಬರೆದಿದ್ದೀಯ. ಅವರು ಯಾವತ್ತು ಬಂದಿದ್ದರು? ನನಗೆ ಸ್ಕಾಲರ್‌ಶಿಪ್ ಅರ್ಜಿ ತುಂಬಿಕೊಟ್ಟವರು ಅವರೇ, ನಾನು ಮರೆತಿಲ್ಲ. ಆದರೆ ತುಂಬಿಕೊಟ್ಟದ್ದು ಅವರ ಮನೆಯ ಜಗಲಿಯ ಮೇಲೆ, ಅದನ್ನೂ ಮರೆತಿಲ್ಲ. ಇಡೀ ಊರು ಕೈಮುಗಿಯುವ ಮುಖ ನಿನ್ನ ಕೈಯದು. ಕೈಮುಗಿಯುವವರು ನಿನ್ನನ್ನು ಮೆಟ್ಟಿಲ ಕೆಳಗೆ ನಿಲ್ಲಿಸುತ್ತಾರೆ. ಇದನ್ನು ಒಂದು ಸಲವಾದರೂ ಜನ ನೋಡಲಿ ಎಂದು ಕೊಟ್ಟೆ. ಹೆಸರು ಹಾಕದಿದ್ದರೆ ಫೋಟೋ ಕೊಡುವುದಿಲ್ಲ ಎಂದು ಪತ್ರಿಕೆಯವರ ಹತ್ತಿರ ಹಟ ಹಿಡಿದವಳೂ ನಾನೇ.

ಸೀರೆಯಿಲ್ಲ ಎನ್ನುತ್ತಾರೆ. ಮರಕ್ಕೆ ಸೀರೆಯಿಲ್ಲದಿದ್ದರೆ ಅವಮಾನ ಯಾರಿಗೆ? ನನ್ನ ಸ್ಟುಡಿಯೋ ಗೋಡೆಯ ಮೇಲೆ ಬುದ್ಧ ಇದ್ದಾನೆ, ಬಾಬಾಸಾಹೇಬರಿದ್ದಾರೆ, ಸಪ್ಪಲಮ್ಮ ಇಲ್ಲ. ನಿನಗದು ಗೊತ್ತಿರುವುದೇ.

ಸ್ಟುಡಿಯೋ ಬೋರ್ಡಿನ ಮೇಲಿನ ನಂಬರಿಗೆ ದಿನಕ್ಕೆ ಮೂವತ್ತು ನಲವತ್ತು ಫೋನು ಬರುತ್ತವೆ. ಕನ್ನಡದಲ್ಲೂ ಬೈಯುತ್ತಾರೆ, ತೆಲುಗಿನಲ್ಲೂ ಬೈಯುತ್ತಾರೆ. ಒಬ್ಬ, "ಮೀ ಅಮ್ಮ ಫೋಟೋ ಇಟ್ಲೇ ಏಸ್ತಾವಾ?" ಅಂದ. ನಿಮ್ಮಮ್ಮನ ಫೋಟೋ ಹೀಗೇ ಹಾಕ್ತೀಯಾ ಅಂತ. ಅದೇ ಫೋಟೋದಲ್ಲಿ ನಮ್ಮಮ್ಮನೂ ಇದ್ದಾಳೆ, ಸರಿಯಾಗಿ ನೋಡಿ ಎಂದೆ. ಫೋನು ಇಟ್ಟ.

ಒಳ್ಳೆಯದೂ ಒಂದಿದೆ. ಮಹತಿ ಎಂಬ ಸಂಪಾದಕಿ, ಕೈಕೆಲಸದ ಹೆಂಗಸರ ಬಗ್ಗೆ ಒಂದು ಪುಸ್ತಕ ತರುತ್ತಿದ್ದಾರೆ. ಡಿಸೆಂಬರಿಗೆ ಅಚ್ಚು. ಹೊದಿಕೆಗೆ ಇದೇ ಫೋಟೋ ಬೇಕಂತೆ.

ಇನ್ನೊಂದು ಮಾತು. ಕೇಳದೆ ಮಾಡಿದೆ ಅನ್ನಬೇಡ. ಪತ್ರಿಕೆಯವರಿಗೆ ಒಪ್ಪಿಗೆ ಪತ್ರ ಬೇಕಿತ್ತು. ಯುಗಾದಿಗೆ ಬಂದಾಗ ಅಪ್ಪನನ್ನು ಕೇಳಿದೆ. ಹಕ್ಕು ಅವರದಲ್ಲವಾ? ಸಹಿ ಹಾಕಿಕೊಟ್ಟಿದ್ದಾರೆ.

ತನುಜ


ಎರ್ರಗುಂಟಪಲ್ಲಿ
17 ಜೂನ್ 2024

ತನುಜಾ,

ನಿನ್ನ ಕಾಗದವನ್ನು ನಿಮ್ಮಪ್ಪನಿಗೆ ಓದಿ ಹೇಳಿದೆ. ಸಹಿ ಹಾಕಿದ್ದು ನಿಜವಾ ಎಂದು ಕೇಳಿದೆ. "ಮಗು ಕೇಳ್ತು, ಹಾಕ್ದೆ. ಬ್ಯಾಂಕಿಂದೇನೋ ಅಂದ್ಕೊಂಡೆ" ಎಂದರು. ಆವತ್ತು ಅವರು ಊಟ ಮಾಡಲಿಲ್ಲ.

ನನ್ನ ಕೈ, ನನ್ನ ತೊಡೆ, ನನ್ನ ಮುಖ, ಕೆಳಗೆ ನನ್ನ ಹೆಸರು. ಸಹಿ ಮಾತ್ರ ಗಂಡನದು. ಊರಿನವರು ಇಷ್ಟು ವರ್ಷ ಮಾಡಿದ್ದನ್ನೇ ನೀನೂ ಮಾಡಿದೆಯಲ್ಲೇ. ನೀನು ಕೇಳುವಾಗ ನಾನು ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದೆ. ಹತ್ತು ಹೆಜ್ಜೆ ದೂರ ಇತ್ತು.

ಸೀರೆಯಿಲ್ಲ ಎಂದು ಊರವರಿಗೆ ನೋವು. ನನಗೆ ಅದಲ್ಲ, ನಾವೆಲ್ಲ ಸೀರೆಯುಟ್ಟು ಹುಟ್ಟಿದವರಲ್ಲ. ನನಗೆ ಕಣ್ಣಿನದೇ ಸಂಕಟ. ಕಣ್ಣಿದ್ದರೆ ನೋಡುವವರನ್ನು ಅವಳೂ ನೋಡುತ್ತಾಳೆ. ಮೆಟ್ಟಿಲ ಕೆಳಗಿನಿಂದಲಾದರೂ ನಾವು ಹೋಗಿ ನಿಲ್ಲುವುದು ಅದಕ್ಕೇ. ಆ ಹನ್ನೊಂದು ದಿನ ಅವಳಿಗೆ ಏನೂ ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ ಅವಳನ್ನು ಸಾವಿರಾರು ಜನರ ಮುಂದೆ ಇಟ್ಟೆ. ಕಣ್ಣು ಕಾಣದವಳು ಸ್ನಾನ ಮಾಡುವಾಗ ಬಾಗಿಲು ತೆರೆದಿಟ್ಟ ಹಾಗಾಯಿತು. ಅವಳು ಮರ ಎಂದು ನೀನು ಅಂದುಕೋ, ನಾನು ಬೇಡ ಅನ್ನುವುದಿಲ್ಲ. ಆದರೆ ಆ ಹನ್ನೊಂದು ದಿನ ಅವಳ ಮಾನ ನನ್ನ ಕೈಯಲ್ಲಿತ್ತು. ನನ್ನ ಮಗಳೇ ಅದನ್ನು ತೆಗೆದುಕೊಂಡು ಹೋದಳು.

ಅಶ್ವತ್ಥಮ್ಮ


ಚಿಂತಾಮಣಿ
22 ಜುಲೈ 2024

ಅಮ್ಮಾ,

ಒಂದು ತಿಂಗಳಾಯಿತು. ಬರೆದೆ, ಹರಿದೆ, ಮತ್ತೆ ಬರೆದೆ. ಸ್ಟುಡಿಯೋದಲ್ಲಿ ಕೂತರೆ ಕೂರಲಾಗುವುದಿಲ್ಲ. ಶಟರ್ ಅರ್ಧ ಎಳೆದು ಮಾರ್ಕೆಟ್ ಕಡೆ ನಡೆಯುತ್ತೇನೆ, ಟೊಮೆಟೊ ಲಾರಿಗಳ ನಡುವೆ ಸುತ್ತಿ ಮತ್ತೆ ಬರುತ್ತೇನೆ.

ಹೋದ ವಾರ ವಿದುರಾಶ್ವತ್ಥದಲ್ಲಿ ಒಂದು ಮದುವೆ. ರಾತ್ರಿಯೆಲ್ಲ ನಿದ್ದೆಗೆಟ್ಟ ಮದುಮಗಳು ಪ್ರತಿ ಫೋಟೋದಲ್ಲೂ ಕಣ್ಣು ಮುಚ್ಚುತ್ತಿದ್ದಳು. ನಾನು ಒಂದೊಂದನ್ನೇ ಅಳಿಸುತ್ತಾ ಹೋದೆ. ಕಣ್ಣು ಮುಚ್ಚಿದ ಫೋಟೋವನ್ನು ನಾವು ಯಾರಿಗೂ ಕೊಡುವುದಿಲ್ಲ, ಅದು ಕೆಲಸ ಕಲಿಯುವಾಗ ಮೊದಲ ದಿನವೇ ಹೇಳಿಕೊಡುವ ಪಾಠ. ಅಳಿಸುತ್ತಿದ್ದ ಬೆರಳು ಅಲ್ಲೇ ನಿಂತಿತು. ನಿನ್ನ ಕಾಗದ ಅರ್ಥವಾಯಿತು.

ತಪ್ಪಾಯಿತು ಅಮ್ಮಾ. ಅರ್ಧ ತಪ್ಪು ಹೇಳಿ ಮಿಕ್ಕದ್ದನ್ನು ಮುಚ್ಚಿಡುವುದಿಲ್ಲ. ಅಪ್ಪನ ಹಕ್ಕು ಎಂದು ಬರೆದದ್ದು ನೆಪ. ನಿನ್ನನ್ನು ಕೇಳಿದರೆ ಬೇಡ ಅನ್ನುತ್ತೀಯ ಎಂದು ನನಗೆ ಗೊತ್ತಿತ್ತು. ಅದಕ್ಕೇ ಅಪ್ಪನ ಹತ್ತಿರ ಹೋದೆ.

ಆದರೂ ಒಂದು ಮಾತು ಒಳಗೆ ಕುದಿಯುತ್ತಲೇ ಇದೆ. ಯಾರಿಗೋ ನೋವಾಗುತ್ತದೆ ಎಂದು ಸುಮ್ಮನೆ ಕೂತರೆ ನಮ್ಮವರದು ಯಾವುದೂ ಯಾವತ್ತೂ ಅಚ್ಚಾಗುವುದಿಲ್ಲ. ನಮ್ಮ ಅಜ್ಜಿ ಬಾವಿಯ ಹಗ್ಗ ಮುಟ್ಟಿದರೂ ಊರವರಿಗೆ ನೋವಾಗುತ್ತಿತ್ತಲ್ಲ. ಯಾರ ನೋವಿಗೆ ನಿಲ್ಲಬೇಕು, ಯಾರ ನೋವನ್ನು ದಾಟಿ ಹೋಗಬೇಕು ಎಂದು ನನಗೆ ತಿಳಿಯುತ್ತಿಲ್ಲ. ನಿನ್ನದಕ್ಕೆ ನಿಲ್ಲಬೇಕು ಎಂಬುದಷ್ಟೇ ಗೊತ್ತು.

ನಿನ್ನೆ ಮೇಷ್ಟ್ರು ಸ್ಟುಡಿಯೋಗೆ ಬಂದಿದ್ದರು. ಕುರ್ಚಿ ಹಾಕಿದೆ, ಕೂತರು, ನೀರೂ ಕುಡಿದರು. ಟೈಪ್ ಮಾಡಿಸಿದ ಒಂದು ಹಾಳೆ ತಂದಿದ್ದರು. ಅದರಲ್ಲಿರುವುದು ದೇವಿಯಲ್ಲ, ಗೊಂಬೆಯೊಂದನ್ನು ಇಟ್ಟು ಸ್ಟುಡಿಯೋದಲ್ಲಿ ತೆಗೆದ ಫೋಟೋ ಎಂದು ನಾನು ಬರೆದುಕೊಟ್ಟ ಹಾಗೆ. "ಸಹಿ ಹಾಕ್ಬಿಡಮ್ಮ. ನಿಮ್ಮ ತಾಯಿಗೆ ಕಾರ್ತಿಕದಲ್ಲಿ ಕೆಲಸ ತಪ್ಪದಂಗೆ ನಾನ್ ನೋಡ್ಕೋತೀನಿ. ನನಗೂ ಆಕೆ ಬರೆದ ಮುಖಾನೇ ಇಷ್ಟ. ಊರು ಸುಮ್ನಾಗ್ಬೇಕಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಅದು ಇನ್ನೂ ಕಷ್ಟವಾಯಿತು.

ಈ ಸಲ ನಿನ್ನನ್ನೇ ಕೇಳುತ್ತಿದ್ದೇನೆ. ಸಹಿ ಹಾಕಲಾ?

ನಿನ್ನ,
ತನುಜ


ಎರ್ರಗುಂಟಪಲ್ಲಿ
5 ಆಗಸ್ಟ್ 2024

ತನುಜಮ್ಮಾ,

ಹಾಕಬೇಡ.

ಮೊದಲು ಹಾಕು ಎಂದೇ ಬರೆದು ಕವರು ಅಂಟಿಸಿದ್ದೆ. ಮೂರು ದಿನ ಅದು ಅಕ್ಕಿ ಡಬ್ಬದ ಮೇಲಿತ್ತು. ನನಗೆ ಆ ಕೆಲಸ ಬೇಕು ಕಣೇ. ಗುಡಿಸಲಿನ ಬಾಗಿಲು ಹಾಕಿದ ಮೇಲೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ನನಗೆ ಯಾರ ಭಯವೂ ಇರುವುದಿಲ್ಲ. ನಿಮ್ಮಪ್ಪನಿಗೆ ಹೇಳದ್ದನ್ನೂ ಅವಳಿಗೆ ಹೇಳಿದ್ದೇನೆ. ಇದಕ್ಕಾಗಿ ಒಂದು ಸುಳ್ಳು ಹೇಳಿದರೆ ಏನು ಗಂಟು ಹೋಗುತ್ತದೆ ಎಂದುಕೊಂಡೆ.

ಆಮೇಲೆ, ಸುಳ್ಳು ಹೇಳಿ ಒಳಗೆ ಹೋದರೆ ಅವಳನ್ನು ಏನೆಂದು ಕರೆಯಲಿ ಎನ್ನಿಸಿತು. ಕಣ್ಣಿಲ್ಲದವಳನ್ನು ತೋರಿಸಿದ್ದು ನಿನ್ನ ತಪ್ಪು. ಅವಳು ಅವಳಲ್ಲವೇ ಅಲ್ಲ, ಗೊಂಬೆ ಎಂದರೆ ಅದು ನಾನು ಮಾಡುವ ತಪ್ಪು, ಅದು ಇನ್ನೂ ದೊಡ್ಡದು. ಕವರು ಹರಿದುಹಾಕಿದೆ.

ಭಾನುವಾರ ಅರಳಿಕಟ್ಟೆಯ ಹತ್ತಿರ ಸಮಿತಿ ಸೇರಿತ್ತು. ಕರೆಯದಿದ್ದರೂ ಹೋದೆ. "ಫೋಟೋದಲ್ಲಿರೋಳು ಅಮ್ಮಾನೇ. ತೊಡೆ ಮೇಲೆ ಇಟ್ಕೊಂಡಿರೋಳು ನಾನೇ. ಎರಡು ಸಲ ಬರ್ದಿರೋಳೂ ನಾನೇ. ನನ್ ಮಗಳು ತೋರ್ಸಿದ್ದು ತಪ್ಪು, ಸುಳ್ಳಲ್ಲ" ಎಂದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಾ ಕೂತರು. ವಾಪಸು ಬರುವಾಗ ಮೇಲಿನ ಬೀದಿ ವರಲಕ್ಷ್ಮಮ್ಮ ಸಿಕ್ಕಿ, "ನಮಗ್ ಗೊತ್ತಿರ್ಲಿಲ್ವಾ ಅಶ್ವತ್ಥಮ್ಮ? ಅದನ್ನ ಹಂಗ್ ಎಲ್ರ ಮುಂದೆ ಹೇಳ್ಬೇಕಿತ್ತಾ?" ಎಂದು ಕೇಳಿದಳು. ಅವಳ ಮುಖದಲ್ಲಿ ನಿಜವಾಗಿ ನೋವಿತ್ತು.

ಆ ಫೋಟೋವನ್ನು ನಾನು ಇನ್ನೂ ಸರಿಯಾಗಿ ನೋಡಿಲ್ಲ. ಎಲ್ಲರೂ ಫೋನು ದೂರ ಹಿಡಿದು ತೋರಿಸುತ್ತಾರೆ, ನೋಡುವಷ್ಟರಲ್ಲಿ ಜೇಬಿಗೆ ಹಾಕಿಕೊಳ್ಳುತ್ತಾರೆ. ದೊಡ್ಡದಾಗಿ ಒಂದು ಕಳಿಸು.

ಅಮ್ಮ


ಚಿಂತಾಮಣಿ
9 ಸೆಪ್ಟೆಂಬರ್ 2024

ಅಮ್ಮಾ,

ಫೋಟೋ ಕಳಿಸಿದ್ದೇನೆ. ಹೊಳಪಿಲ್ಲದ ದಪ್ಪ ಕಾಗದದ ಮೇಲೆ ಹಾಕಿಸಿದ್ದು, ಮಡಿಚಬೇಡ.

ಹೊದಿಕೆಗೆ ಆ ಫೋಟೋ ಬೇಡ ಎಂದು ಮಹತಿಯವರಿಗೆ ಹೇಳಿದೆ. ಅವರು "ಹೆದರಿಸಿದ್ರಾ?" ಎಂದು ಕೇಳಿದರು. ಇಲ್ಲ, ಫೋಟೋದಲ್ಲಿರುವವರನ್ನು ನಾನು ಕೇಳಿರಲಿಲ್ಲ ಎಂದೆ. "ಬೈದವರು ಗೆದ್ದೆವು ಅಂದ್ಕೋತಾರೆ ತನುಜಾ. ಮುಂದೆ ಇನ್ನೊಬ್ಬಳು ಫೋಟೋ ತೆಗೆಯೋಕೆ ಹೆದರ್ತಾಳೆ" ಎಂದರು. ಅದೂ ನಿಜವೇ. ನಿನಗಾಗಿ ಹಿಂತೆಗೆದುಕೊಂಡರೂ ಬೈದವರಿಗೆ ಹೆದರಿ ಹಿಂತೆಗೆದುಕೊಂಡರೂ ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುತ್ತದೆ. ಮಹತಿಯವರು, ನವೆಂಬರ್ ಕೊನೆಯವರೆಗೆ ಹೊದಿಕೆಯ ಜಾಗ ಖಾಲಿ ಇಟ್ಟಿರುತ್ತೇನೆ, ಮನಸ್ಸು ಬದಲಾದರೆ ಹೇಳಿ ಎಂದಿದ್ದಾರೆ.

ಪತ್ರಿಕೆಯಲ್ಲಿ ಬಂದದ್ದನ್ನು ವಾಪಸು ಕರೆಯಲು ಆಗುವುದಿಲ್ಲ. ಜನರ ಫೋನುಗಳಿಂದ ಅಳಿಸಲೂ ಆಗುವುದಿಲ್ಲ. ನನ್ನ ಕೈಲಾದದ್ದು ಇಷ್ಟೇ.

ಗುಡಿಯ ಕೆಲಸದ ವಿಷಯ ಏನಾಯಿತು ಬರೆ. ಅದನ್ನು ಕೇಳಲು ನನಗೆ ಭಯ.

ತನುಜ


ಎರ್ರಗುಂಟಪಲ್ಲಿ
28 ಅಕ್ಟೋಬರ್ 2024

ತನುಜಮ್ಮಾ,

ನೀನು ಭಯಪಟ್ಟದ್ದೇ ಆಯಿತು. ಶಿಡ್ಲಘಟ್ಟದಿಂದ ಅಂಗಡಿ ಬೋರ್ಡು ಬರೆಯುವ ಕೊಂಡಪ್ಪ ಎಂಬುವರನ್ನು ಗೊತ್ತು ಮಾಡಿದ್ದಾರೆ. ನಮ್ಮ ಮನೆಯ ಹಕ್ಕು ಮುಗಿಯಿತು ಎಂದು ಯಾರೂ ಬಾಯಲ್ಲಿ ಹೇಳಲಿಲ್ಲ. ಅವರ ಬೈಕು ಬಂದು ಗುಡಿಯ ಮುಂದೆ ನಿಂತಿತು, ಅಷ್ಟೆ.

ನಿನ್ನೆ ಆ ಕೊಂಡಪ್ಪ ನಮ್ಮ ಮನೆಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ನೆಲದ ಮೇಲೆ ಕೂತರು. "ಅಮ್ಮಾ, ನಾನು ಟೀ ಅಂಗಡಿ ಬೋರ್ಡ್ ಬರಿಯೋನು. ಇದು ನಿಮ್ ಕೆಲಸ ಅಂತ ಇಲ್ಲಿಗ್ ಬಂದ್ಮೇಲೆ ಗೊತ್ತಾಯ್ತು. ಬೇಡ ಅನ್ನಿ, ಈಗ್ಲೇ ಹೋಗ್ತೀನಿ" ಎಂದರು. ಬೇಡ ಎಂದು ಬಾಯಿಗೆ ಬಂದಿತ್ತು. ಅವರು ಹೋದರೆ ಇನ್ನೊಬ್ಬರು ಬರುತ್ತಾರೆ, ಬಂದವರು ಹೀಗೆ ಕೇಳುತ್ತಾರೋ ಇಲ್ಲವೋ. ಅಂಟು ಎಷ್ಟು ಕಾಯಿಸಬೇಕು, ದೀಪದ ಮಸಿ ಹೇಗೆ ಅರೆಯಬೇಕು, ಕೆನ್ನೆಯ ಹತ್ತಿರ ಮರ ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲ ಹೇಳಿಕೊಟ್ಟೆ. ನಿಮ್ಮಪ್ಪ, ತಾತನ ಕಾಲದ ಅಳಿಲುಬಾಲದ ಕುಂಚವನ್ನೂ ಕೊಟ್ಟುಬಿಡು ಎಂದರು. ಕೊಡಲಿಲ್ಲ. ಅಷ್ಟೊಂದು ಒಳ್ಳೆಯವಳಲ್ಲ ನಾನು.

ನಿನ್ನ ಫೋಟೋ ಸುತ್ತಿದ ಹಾಗೇ ಇದೆ. ಬಿಚ್ಚಲು ಮನಸ್ಸಾಗುತ್ತಿಲ್ಲ.

ಅಮ್ಮ


ಚಿಂತಾಮಣಿ
4 ನವೆಂಬರ್ 2024

ಅಮ್ಮಾ,

ನಾಳೆ ಅವಳನ್ನು ಗುಡಿಸಲಿಗೆ ತರುತ್ತಾರೆ. ನಿನಗೆ ಈ ಕಾಗದ ಸೇರುವಷ್ಟರಲ್ಲಿ ಶುರುವಾಗಿರುತ್ತದೆ. ನಿನ್ನಿಂದ ಅವಳನ್ನು ಕಿತ್ತುಕೊಂಡವಳು ನಾನು. ಯಾವ ಕೆಲಸಕ್ಕೂ ಕೈ ಓಡುತ್ತಿಲ್ಲ. ಬರಲಾ?

ತನುಜ


ಎರ್ರಗುಂಟಪಲ್ಲಿ
18 ನವೆಂಬರ್ 2024

ತನುಜಮ್ಮಾ,

ಬರಲಾ ಎಂದು ಕೇಳಿದ್ದಕ್ಕೆ ಉತ್ತರ ಬರೆಯಲಿಲ್ಲ. ನೀನು ಬಂದಿದ್ದರೆ ಅತ್ತುಬಿಡುತ್ತಿದ್ದೆ.

ಐದನೇ ತಾರೀಕಿನಿಂದ ನನಗೇ ತಿಳಿಯದ ಹಾಗೆ ಒಂದೇ ಹೊತ್ತು ಉಣ್ಣುವುದು ಶುರುವಾಯಿತು. ನಿಮ್ಮಪ್ಪ ಏಕೆ ಎಂದರು, ಅಭ್ಯಾಸ ಎಂದೆ. "ಒಂಬತ್ತು ವರ್ಷಕ್ಕೊಂದ್ಸಲ ಮಾಡೋದು ಯಾವ ಸೀಮೆ ಅಭ್ಯಾಸನೇ" ಎಂದರು. ಆದರೆ ಮರುದಿನದಿಂದ ಅವರೂ ಒಂದೇ ಹೊತ್ತು ಉಂಡರು.

ಹುಣ್ಣಿಮೆ ದಿನ ಬೆಳಿಗ್ಗೆ ಅವಳನ್ನು ಗುಡಿಗೆ ಕರೆತಂದರು. ನಾನು ಹೋಗಿ ಮೆಟ್ಟಿಲ ಕೆಳಗೆ ನಮ್ಮ ಜಾಗದಲ್ಲಿ ನಿಂತೆ. ಕೊಂಡಪ್ಪ ಚೆನ್ನಾಗಿಯೇ ಬರೆದಿದ್ದಾರೆ. ಎರಡು ಕಣ್ಣೂ ಸಮ, ನೇರಕ್ಕೆ ಬಾಗಿಲನ್ನು ನೋಡುತ್ತವೆ. ಕಣ್ಣು ಹಾಗೇ ಇರಬೇಕು, ತಪ್ಪಿಲ್ಲ. ನಾನು ಬರೆಯುವಾಗ ಎರಡು ಸಲವೂ ಗುಡ್ಡೆಯನ್ನು ಒಂದು ಕೂದಲೆಳೆಯಷ್ಟು ಅವಳ ಎಡಕ್ಕೆ ಇಟ್ಟಿದ್ದೆ. ಎಡಕ್ಕೆ ನಾವು ನಿಲ್ಲುವ ಜಾಗವಿದೆ. ಯಾರಿಗೂ ಹೇಳಿರಲಿಲ್ಲ, ನಿಮ್ಮಪ್ಪನಿಗೂ ಇಲ್ಲ. ಹದಿನೆಂಟು ವರ್ಷ ಅವಳು ನಮ್ಮನ್ನೇ ನೋಡುತ್ತಿದ್ದಳು. ಆವತ್ತು ಎಷ್ಟು ಹೊತ್ತು ನಿಂತರೂ ನನ್ನನ್ನು ನೋಡಲಿಲ್ಲ. ಹೊಟ್ಟೆಕಿಚ್ಚೋ ಸಂಕಟವೋ, ನಿಲ್ಲಲಾಗದೆ ಮನೆಗೆ ಬಂದೆ.

ಬಂದು ನಿನ್ನ ಫೋಟೋ ಬಿಚ್ಚಿದೆ. ಚೆನ್ನಾಗಿ ತೆಗೆದಿದ್ದೀಯ ಕಣೇ. ನನ್ನ ಮುಖ ಅಷ್ಟು ನೆಮ್ಮದಿಯಾಗಿ ಇರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಇದನ್ನು ಬೇರೆಯವರೂ ನೋಡಲಿ ಎಂದು ನಿನಗೆ ಅನ್ನಿಸಿದ್ದು ಸಹಜವೇ. ಅವಳ ಮುಖ ಮಾತ್ರ ಬರಿದಾಗಿತ್ತು. ಹಾಗೆ ಬಿಡಲು ನನ್ನಿಂದ ಆಗಲಿಲ್ಲ.

ಹನ್ನೊಂದು ದಿನದ ಒಪ್ಪೊತ್ತು ಹೇಗೂ ಆಗಿತ್ತು. ಮಸಿ ಅರೆದೆ, ಅಳಿಲುಬಾಲದ ಕುಂಚ ತೆಗೆದೆ. ಫೋಟೋದ ಮೇಲೆ, ಅವಳ ಮುಖಕ್ಕೆ, ಕಣ್ಣು ಬರೆದೆ. ನಿಮ್ಮಪ್ಪ ಎದುರಿಗೆ ಕನ್ನಡಿ ಹಿಡಿದರು. ಕೈ ನಡುಗುತ್ತದೆಂದು ಮೊಣಕಾಲಿಗೆ ಆನಿಸಿ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಅದನ್ನೇ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಮಹತಿಯವರಿಗೆ ಕೊಡು. ಹಾಕುವುದಾದರೆ ಇದನ್ನೇ ಹಾಕಲಿ, ಕಣ್ಣಿಲ್ಲದ್ದೇ ಚೆನ್ನಾಗಿತ್ತು ಎಂದರೆ ಕೊಡಬೇಡ. ಈಗ ಅವಳನ್ನು ಯಾರು ಬೇಕಾದರೂ ನೋಡಲಿ, ಅವರನ್ನು ಅವಳೂ ನೋಡುತ್ತಾಳೆ. ಇದು ಅಚ್ಚಾದರೆ ಊರವರು ಮತ್ತೆ ಬಂದು ನಿಲ್ಲುತ್ತಾರೆ, ಗೊತ್ತಿದೆ. ಮೇಷ್ಟ್ರಿಗೂ ನೋವಾಗುತ್ತದೆ, ವರಲಕ್ಷ್ಮಮ್ಮನಿಗೂ ಆಗುತ್ತದೆ. ಅವರಿಗೆ ನಾನೇ ಉತ್ತರ ಹೇಳುತ್ತೇನೆ, ನಿನ್ನನ್ನು ಮುಂದೆ ಮಾಡುವುದಿಲ್ಲ.

ಕನ್ನಡಿ ತೆಗೆದ ಮೇಲೆ ಅವಳನ್ನೂ ಕೇಳಿದೆ. "ಅಚ್ಚು ಹಾಕ್ಸಲಾ ತಾಯಿ?" ಎಂದೆ. ನನ್ನನ್ನೇ ನೋಡುತ್ತಿದ್ದಳು. ಅವಳ ಮನಸ್ಸಿನಲ್ಲಿ ಏನಿತ್ತೋ ನನಗೆ ತಿಳಿಯದು. ನನ್ನ ಮಟ್ಟಿಗೆ ನಾನು ಒಪ್ಪಿದ್ದೇನೆ. ನಿಮ್ಮಪ್ಪನ ಸಹಿ ಬೇಡ. ಇದು ನನ್ನದು.

ಅಶ್ವತ್ಥಮ್ಮ